ಮೊಣಕಾಲಿನವರೆಗಿನ ಸಮುದ್ರ

ನನ್ನ ಮೇಜಿನ ಮೇಲೆ ಒಂದು ಮೇಣದ ಬಿಲ್ಲೆಯಿದೆ. ದುಂಡಗೆ, ಬೆಳ್ಳಗೆ, ಅಂಗೈಯೊಳಗೆ ಅಡಗುವಷ್ಟು. ಏನಿದು ಎಂದು ಕೇಳಿದವರಿಗೆ ಕಾಗದ ಹಾರದಿರಲೆಂದು ಇಟ್ಟದ್ದು ಎನ್ನುತ್ತೇನೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ತೆಂಗಿನಕಾಯಿ ವಾಸನೆ ಬರುತ್ತದೆ. ಅದೂ ನಮ್ಮೂರಿನ ಕಾಯಿಯದಲ್ಲ, ಬಿಸ್ಕತ್ತಿನಲ್ಲಿ ಬರುತ್ತದಲ್ಲ, ಆ ಬಗೆಯ ಸುಳ್ಳು ಕಾಯಿಯದು. ಮನೆಗೆ ಬಂದ ಹೊಸತರಲ್ಲಿ ಇದು ಕೈ ತೊಳೆಯುವಲ್ಲಿ ಇತ್ತು. ನಮ್ಮ ಮಾಲಕಿ ಆಂಟೀಜಿ ಸಾಬೂನೆಂದು ತಿಳಿದು ಬಹಳ ಹೊತ್ತು ಕೈಗೆ ತಿಕ್ಕಿಕೊಂಡು, "ಯೇ ಕೈಸಾ ಸಾಬುನ್ ಹೈ ಬೇಟಾ?" ಎಂದು ನೊರೆ ಬಾರದ ದೂರು ಹೇಳಿದರು. ಆಮೇಲೆ ಆ ಕೈಯಿಂದ ಏನನ್ನು ಹಿಡಿದರೂ ಜಾರಲಿಲ್ಲವಂತೆ. ಜಾರಬಾರದೆಂದೇ ಮಾಡಿದ ಮೇಣವದು. ಸಮುದ್ರದ ಅಲೆಯ ಮೇಲೆ ಹಲಗೆ ಇಟ್ಟು ನಿಲ್ಲುತ್ತಾರಲ್ಲ, ಆ ಸರ್ಫಿಂಗ್ ಹಲಗೆಗೆ ಹಚ್ಚುವುದು.

ಇದನ್ನು ಮೂಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಅಂಥ ದೊಡ್ಡ ಕುಳವೇನಲ್ಲ. ಗುಡಗಾಂವದ ನಮ್ಮ ಆಫೀಸಿನಲ್ಲಿ ನನಗಿಂತ ಆಮೇಲೆ ಸೇರಿದವನಿಗೆ ಕಿಟಕಿ ಪಕ್ಕದ ಜಾಗ ಸಿಕ್ಕಿದಾಗ ಒಂದು ವಾರ ಉರಿದುಕೊಂಡೆ, ಬಿಟ್ಟೆ. ಅಕ್ಕನಿಗೆ ಅಜ್ಜಿಯ ಮೂಗು, ನನಗೆ ಅಪ್ಪನ ಮೂಗು ಬಂದದ್ದನ್ನೂ ಹೈಸ್ಕೂಲು ಮುಗಿಯುವ ಹೊತ್ತಿಗೆ ಕ್ಷಮಿಸಿದ್ದೆ. ಆದರೆ ರಾಯಚೂರಿನ ಹುಡುಗಿಯೊಬ್ಬಳು ನನ್ನ ಸಮುದ್ರವನ್ನು ಎತ್ತಿಕೊಂಡು ಹೋದದ್ದನ್ನು ಮಾತ್ರ ಇನ್ನೂ ನುಂಗಿಕೊಳ್ಳಲು ಆಗಿಲ್ಲ.

ನನ್ನ ಸಮುದ್ರ ಎಂದದ್ದಕ್ಕೆ ನಗಬೇಡಿ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ, ಸಮುದ್ರಕ್ಕೆ ಕೂಗಳತೆಯ ದೂರದಲ್ಲಿ. ನಮ್ಮ ಮನೆಯ ಕಿಟಕಿ ಸರಳುಗಳು ಉಪ್ಪುಗಾಳಿಗೆ ಉದುರುತ್ತಿದ್ದವು. ಕರಿದಿಟ್ಟ ಹಪ್ಪಳ ಊಟಕ್ಕೆ ಕೂರುವುದರೊಳಗೆ ಮೆತ್ತಗಾಗುತ್ತಿತ್ತು. ಮಳೆಗಾಲದಲ್ಲಿ ಸಮುದ್ರದ ಮೊರೆತ ಎಷ್ಟಿರುತ್ತಿತ್ತೆಂದರೆ ನಾವು ಮನೆಮಂದಿಯೆಲ್ಲ ಕೂಗಿ ಕೂಗಿಯೇ ಮಾತಾಡುತ್ತಿದ್ದೆವು, ಆ ಅಭ್ಯಾಸ ಬಿಟ್ಟು ಹೋಗಲೇ ಇಲ್ಲ. ದೆಹಲಿಗೆ ಬಂದ ಮೊದಲ ವರ್ಷ ನಾನು ಅಮ್ಮನ ಜತೆ ಫೋನಿನಲ್ಲಿ ಸಾರಿನ ಪುಡಿಯ ವಿಚಾರ ಮಾತಾಡುತ್ತಿದ್ದರೆ, ಕೆಳಗಿನ ಮನೆಯವರು ಏನೋ ಆಸ್ತಿ ಜಗಳವೆಂದು ತಿಳಿದುಕೊಂಡಿದ್ದರು.

ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೇಳಿ. ಈಜು ಬರುತ್ತದೆಯೇ ಎಂದು ಕೇಳಿ.

ಇಲ್ಲ.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ಮಾಡಿದವರು ನಮ್ಮ ಮನೆಗೆ ಬಂದು ಹೋಗಿದ್ದಿರಬೇಕು. ನಮ್ಮಮ್ಮನ ಬಳಿ ಸಮುದ್ರಕ್ಕೆ ಸಂಬಂಧಿಸಿ ಎರಡು ಕಾನೂನುಗಳಿದ್ದವು. ಮೊದಲನೆಯದು, ಮೊಣಕಾಲಿಗಿಂತ ಮೇಲೆ ನೀರು ಬರಬಾರದು. ನಾನು ಬೆಳೆದಂತೆ ಮೊಣಕಾಲೂ ಸ್ವಲ್ಪ ಸ್ವಲ್ಪ ಮೇಲೇರಿತು. ಸಮುದ್ರದಲ್ಲಿ ನನಗೆ ಸಿಕ್ಕ ಬಡ್ತಿ ಅಷ್ಟೇ. ಎರಡನೆಯದು, ಸಮುದ್ರಕ್ಕೆ ಬೆನ್ನು ಹಾಕಬಾರದು. ಈ ಎರಡನೆಯದಕ್ಕೆ ನಮ್ಮ ಚಿಕ್ಕಪ್ಪ ಕಾರಣ. ಯಾವುದೋ ಚುನಾವಣೆಯ ಸಮಯದಲ್ಲಿ ಅವರು ದಡದಲ್ಲಿ ನಿಂತು, ನೀರಿಗೆ ಬೆನ್ನು ಮಾಡಿ, ನೆರೆದವರಿಗೆ ಯಾರು ಗೆಲ್ಲುತ್ತಾರೆಂದು ವಿವರಿಸುತ್ತಿದ್ದರಂತೆ. ಹಿಂದಿನಿಂದ ಬಂದ ತೆರೆಯೊಂದು ಅವರನ್ನು ಮಗುಚಿ ಹಾಕಿ, ಕನ್ನಡಕವನ್ನೂ ಪಂಚೆಯನ್ನೂ ತೆಗೆದುಕೊಂಡು ಹೋಯಿತು. ಅವರು ಹೇಳಿದ ಅಭ್ಯರ್ಥಿ ಸೋತ. ಅಂದಿನಿಂದ ನಮ್ಮ ಮನೆಯವರೆಲ್ಲ ದಡದಿಂದ ವಾಪಸು ಬರುವಾಗಲೂ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬರುತ್ತೇವೆ, ದೇವಸ್ಥಾನದಿಂದ ಹೊರಡುವವರ ಹಾಗೆ.

ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಯ ದಿನ ಸಮುದ್ರಸ್ನಾನ. ಆಗ ಮಾತ್ರ ಮೊಣಕಾಲಿನ ಕಾನೂನು ಸ್ವಲ್ಪ ಸಡಿಲ, ಏಕೆಂದರೆ ಮುಳುಗು ಹಾಕಬೇಕಲ್ಲ. ಅಮ್ಮ ಅದಕ್ಕೂ ಉಪಾಯ ಕಂಡುಕೊಂಡಿದ್ದಳು. ಮೊಣಕಾಲಿನ ನೀರಿನಲ್ಲೇ ನನ್ನನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ರಟ್ಟೆಯನ್ನು ಬಲವಾಗಿ ಹಿಡಿದು, ತಲೆಯನ್ನು ಇನ್ನೊಂದು ಕೈಯಿಂದ ಒತ್ತುತ್ತಿದ್ದಳು. ಮೂರು ಮುಳುಗು. ಪ್ರತಿ ಮುಳುಗಿಗೂ ಬಾಯಿಗೆ ಉಪ್ಪು, ಮೂಗಿಗೆ ಮರಳು. ಅವಳ ಬೆರಳಿನ ಗುರುತು ರಟ್ಟೆಯ ಮೇಲೆ ಸಂಜೆಯವರೆಗೂ ಇರುತ್ತಿತ್ತು. ನಾನು ಕಂಡ ಸಮುದ್ರ ಇಷ್ಟೇ ಎಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ನಾನು ಯಾರಿಗೂ ಹೇಳುತ್ತಿರಲಿಲ್ಲ. ದೆಹಲಿಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ "ನಮ್ಮ ಸಮುದ್ರ" ಎಂದೇ ಮಾತು ಶುರು ಮಾಡುತ್ತಿದ್ದೆ.

ಇನ್ನು ನಜ್ನೀನ್. ಹೌಜ್ ಖಾಸ್‌ನಲ್ಲಿ ಆಗ ನಾವಿಬ್ಬರೂ ಆಂಟೀಜಿಯ ಬರಸಾತಿಯಲ್ಲಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ, ಬಾಡಿಗೆಗಿದ್ದೆವು. ಮೆಟ್ರೋ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ, ಅದಕ್ಕಾಗಿ ಅಗೆದ ಧೂಳು ಮಾತ್ರ ಮೊದಲೇ ಬಂದು ಸೇರಿತ್ತು. ನಜ್ನೀನ್ ಪಕ್ಕದ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು, ನೀರನ್ನು ಒಳಗೆ ಬಿಟ್ಟುಕೊಳ್ಳದ ಸಿಮೆಂಟಿನ ಬಗ್ಗೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರು. ಅಪ್ಪ ಮೇಷ್ಟ್ರು, ಮಗಳು ಏನು ಮಾಡುತ್ತೇನೆಂದರೂ "ಮಾಡು" ಎನ್ನುವವರು. ರಾಯಚೂರಿನ ಹತ್ತಿರದ ಹಳ್ಳಿಯಲ್ಲಿ ಬೆನ್ನಿಗೆ ಒಣ ಬೆಂಡು ಕಟ್ಟಿಕೊಂಡು, ಹೊಲದ ಬಾವಿಗೆ ಹಾರಿ ಈಜು ಕಲಿತವಳು. "ನಂಗ ಬ್ಯಾಡ ಅನ್ನೋರ ಇರಲಿಲ್ಲ ನೋಡು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನನಗೆ ಬೇಡ ಎನ್ನುವವರ ಒಂದು ದೊಡ್ಡ ಕೇರಿಯೇ ಇತ್ತು. ಆವತ್ತಿನಿಂದಲೇ ನನಗೆ ಅವಳ ಮೇಲೆ ಸಣ್ಣಗೆ ಶುರುವಾಗಿದ್ದಿರಬೇಕು. ಸುಡು ಬಿಸಿಲಿನ ಊರಿನವಳಿಗೆ ಈಜು, ನೀರಿನಲ್ಲೇ ಇರುವ ನನಗೆ ಮೊಣಕಾಲು!

ಒಂದು ನವೆಂಬರಿನಲ್ಲಿ ಅವಳು ಬಂದವಳೇ, ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು. ಕೊಲಂಬೊದಲ್ಲಿ ಸಿಮೆಂಟಿನವರ ಸಮ್ಮೇಳನ, ಸಂಸ್ಥೆಯೇ ಕಳಿಸುತ್ತದೆ.

"ಸಮ್ಮೇಳನ ಮುಗಿಸಿ ಒಂದು ವಾರ ಅಲ್ಲೇ ಉಳೀತೀನಿ. ದಕ್ಷಿಣದ ಕಡಿ ಸಮುದ್ರ ಭಾರಿ ಐತಂತ. ಸರ್ಫಿಂಗ್ ಕಲಿಸ್ತಾರಂತ ಅಲ್ಲಿ. ನೀನೂ ಬಾ."

ನಾನು ಬಟಾಣಿ ಸುಲಿಯುತ್ತಿದ್ದೆ. ತಲೆಯೆತ್ತದೆ ಹೇಳಿದೆ: "ನಾನು ಸಮುದ್ರದ ಮಡಿಲಲ್ಲಿ ಹುಟ್ಟಿದವಳು ಮಾರಾಯ್ತಿ. ಸಮುದ್ರ ನೋಡ್ಲಿಕ್ಕೆ ದುಡ್ಡು ಕೊಟ್ಟು ವಿಮಾನ ಹತ್ತೋದಾ?"

"ನೋಡಾಕಲ್ಲ, ಅದರ ಮ್ಯಾಲೆ ನಿಂದ್ರಾಕ."

"ಆಫೀಸಲ್ಲಿ ರಜೆ ಸಿಗಲ್ಲ."

ರಜೆ ಸಿಗುತ್ತಿತ್ತು. ನಮ್ಮ ಬಾಸು ಅಂಥವರಲ್ಲ. ಮಾತಿನ ಮಧ್ಯೆ ಕೇಳಿದ್ದರೂ "ಲೇ ಲೋ ಯಾರ್", ತಗೋ ಅದಕ್ಕೇನಂತೆ, ಎನ್ನುತ್ತಿದ್ದರು. ನಿಜವೆಂದರೆ, ಮೂವತ್ತರ ಹತ್ತಿರ ಬಂದ ಹೆಂಗಸು, ಸ್ವಂತ ದುಡಿಮೆಯವಳು, "ಅಮ್ಮ ಬಿಡಲ್ಲ" ಎಂದು ಹೇಳುವುದು ಹೇಗೆ? ಅದನ್ನು ನುಂಗಿದೆ. ನುಂಗಿದ್ದು ಒಳಗೆ ಹೋಗಿ ಉರಿಯತೊಡಗಿತು.

ಆಮೇಲೆ ಶುರುವಾಯಿತು ನೋಡಿ ತಯಾರಿ. ಮದುವೆ ಅವಳದು, ಓಡಾಟ ನನ್ನದು ಎಂಬ ಹಾಗೆ. ಕರಾವಳಿಯವಳೆಂಬ ಒಂದೇ ಅರ್ಹತೆಯ ಮೇಲೆ ಆ ಪ್ರವಾಸದ ಸಕಲ ಸಲಹೆಗಾರ್ತಿ ನಾನಾದೆ. ಜನವರಿಯಲ್ಲಿ ಸಮುದ್ರ ಹೇಗಿರುತ್ತದೆ? ತಣ್ಣಗಿರುತ್ತದೆ, ಹಸುವಿನ ಹಾಗೆ, ಎಂದೆ. ಎಷ್ಟು ಹೊತ್ತಿಗೆ ನೀರಿಗಿಳಿಯಬೇಕು? ಬೆಳಿಗ್ಗೆ, ಗಾಳಿ ಏಳುವ ಮೊದಲು. ಮೈಗೆ ಏನು ಹಚ್ಚಬೇಕು? ತೆಂಗಿನೆಣ್ಣೆ. ಅವಳ ಲ್ಯಾಪ್‌ಟಾಪಿನಲ್ಲಿ ಶ್ರೀಲಂಕಾದ ನಕ್ಷೆ ತೆರೆದಿಟ್ಟುಕೊಂಡು, ಕೊಲಂಬೊದಿಂದ ಕೆಳಕ್ಕೆ ಯಾವ ಬಸ್ಸು, ಯಾವ ಊರಿನ ದಡ ಕಲ್ಲಿಲ್ಲದ್ದು, ಸಮುದ್ರಕ್ಕೆ ಮುಖ ಮಾಡಿದ ಕೋಣೆ ಯಾವ ಅತಿಥಿಗೃಹದಲ್ಲಿದೆ ಎಂದು ರಜಾಯಿ ಹೊದ್ದು ಹುಡುಕುತ್ತಿದ್ದವಳು ನಾನು. ಕೋಣೆಯ ಚಿತ್ರದಲ್ಲಿ ಎರಡು ಮಂಚಗಳಿದ್ದವು. ಎರಡನೆಯದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಒಂದು ಭಾನುವಾರ. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡುವುದು ನಮ್ಮ ಕ್ರಮ. ಮೊಬೈಲನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿಡುತ್ತಿದ್ದೆ, ಇಬ್ಬರೂ ಮಾತಾಡುತ್ತಿದ್ದೆವು. ಬಂದ ಹೊಸತರಲ್ಲಿ ನಜ್ನೀನ್ ನಮ್ಮಮ್ಮನನ್ನು ಆಂಟಿ ಎನ್ನುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅಮ್ಮ ಎನ್ನತೊಡಗಿದ್ದಳು. ಅದನ್ನೂ ನಾನು ಗಮನಿಸಿ ಇಟ್ಟುಕೊಂಡಿದ್ದೆ.

"ಅಮ್ಮಾ, ನಾನು ಶ್ರೀಲಂಕಾಕ್ಕ ಹೊಂಟೀನಿ. ಸಮುದ್ರದಾಗ ಹಲಗಿ ಹಾಕ್ಕೊಂಡು ಅಲೆ ಮ್ಯಾಲೆ ನಿಂದ್ರೋದು ಕಲೀಬೇಕಂತ ಆಸಿ. ಹೋಗಲೇನ್ರಿ?"

ನಾನು ಕಾದೆ. ಈಗ ಸಿಡಿಲು ಬೀಳುತ್ತದೆ, ಬೀಳಲಿ ಎಂದು ಒಳಗೊಳಗೇ ಖುಷಿಯಾಗಿತ್ತು ಕೂಡ.

"ತೆರೆ ಮೇಲೆ ನಿಲ್ಲೂದಾ?" ಎಂದಳು ಅಮ್ಮ. "ಚಂದ ಉಂಟಲ್ಲ ಮಗಾ! ಹೋಗಿ ಬಾ. ಎಳ್ಳಮಾವಾಸ್ಯೆ ಕಳೀಲಿ, ಮತ್ತೆ ಹೋಗು. ನೀರಿಗೆ ಇಳಿಯೂಕೆ ಮುಂಚೆ ಒಂದು ಸಲ ಕೈ ಮುಗಿ. ನಿಂಗೆ ಈಜು ಬತ್ತದಲ್ಲ, ಹೆದರಿಕೆ ಎಂತದು?"

ನಾನು ಕಿಟಕಿಯಲ್ಲಿದ್ದ ಮೊಬೈಲನ್ನೇ ನೋಡಿದೆ. ಇದು ನನ್ನಮ್ಮನೇ? ನನಗೆ ಮೊಣಕಾಲಿನ ಮೇಲೆ ಒಂದು ಅಂಗುಲ ಕೊಡದವಳು, ಯಾರದೋ ಮಗಳಿಗೆ ಇಡೀ ಹಿಂದೂ ಮಹಾಸಾಗರವನ್ನು ಎತ್ತಿ ಕೊಟ್ಟುಬಿಟ್ಟಳು. ಕೊಟ್ಟದ್ದಲ್ಲದೆ ಚಂದ ಉಂಟು ಎಂದಳು. ಆ ದಿನ ನಾನು ಮಾಡಿದ ಉಪ್ಪಿಟ್ಟಿಗೆ ಉಪ್ಪು ಹಾಕಲು ಮರೆತೆ, ನಜ್ನೀನ್ ಒಂದು ಮಾತೂ ಆಡದೆ ತಿಂದಳು. ಅವಳು ಒಳ್ಳೆಯವಳು. ಹೊಟ್ಟೆಕಿಚ್ಚು ಪಡುವವರಿಗೆ ಇದರಷ್ಟು ತೊಂದರೆ ಕೊಡುವ ಸಂಗತಿ ಇನ್ನೊಂದಿಲ್ಲ.

ಡಿಸೆಂಬರಿನಲ್ಲಿ ತಾರಸಿಯ ಮೇಲೆ ತರಬೇತಿ ನಡೆಯಿತು. ತಾರಸಿಯ ಮೂಲೆಯಲ್ಲಿ ಯಾವುದೋ ಕಾಲದ ಬಚ್ಚಲುಮನೆಯ ಬಾಗಿಲೊಂದು ಬಿದ್ದಿತ್ತು. ಅದೇ ಹಲಗೆ. ಹೊಟ್ಟೆಯ ಮೇಲೆ ಮಲಗಬೇಕು, ಕೈಯಿಂದ ನೀರು ಬಾಚಬೇಕು, ಅಲೆ ಬಂದ ಕ್ಷಣಕ್ಕೆ ಎರಡೂ ಕೈ ಊರಿ ಚಂಗನೆ ಎದ್ದು ನಿಲ್ಲಬೇಕು. ಇಷ್ಟನ್ನು ಅವಳು ಎಲ್ಲೋ ಓದಿಕೊಂಡು ಬಂದಿದ್ದಳು. ವಿಡಿಯೋ ನೋಡೋಣವೆಂದರೆ ನಮ್ಮ ಇಂಟರ್ನೆಟ್ಟಿನಲ್ಲಿ ಅಲೆ ಅರ್ಧ ಎದ್ದು ಅಲ್ಲೇ ನಿಂತುಬಿಡುತ್ತಿತ್ತು. ಆದ್ದರಿಂದ ಉಳಿದದ್ದೆಲ್ಲ ನನ್ನ ಉಸ್ತುವಾರಿ. ನೀರಿನ ಟ್ಯಾಂಕಿರುವ ಕಡೆ ಸಮುದ್ರ, ಮೆಟ್ಟಿಲಿರುವ ಕಡೆ ದಡ ಎಂದು ತೀರ್ಮಾನಿಸಿ, ಬಾಗಿಲನ್ನು ಟ್ಯಾಂಕಿಗೆ ಮುಖ ಮಾಡಿ ಹಾಕಿದೆ.

ನಜ್ನೀನ್ ಮಲಗಿದವಳು ಕತ್ತು ತಿರುಗಿಸಿ ಕೇಳಿದಳು: "ಪ್ರಭಾ, ಅಲೆ ಹಿಂದಿನಿಂದ ಬಂದು ನೂಕತದ ಅಲ್ಲೇನು? ನಾವು ದಡದ ಕಡಿ ಮುಖ ಮಾಡಬೇಕು ಅನಸ್ತದ."

"ನೀನು ರಾಯಚೂರಿನವಳು, ಸುಮ್ಮನೆ ಮಲಗು" ಎಂದೆ. "ಸಮುದ್ರಕ್ಕೆ ಯಾರಾದರೂ ಬೆನ್ನು ಹಾಕ್ತಾರಾ? ನಮ್ಮ ಚಿಕ್ಕಪ್ಪನ ಕಥೆ ಹೇಳಿಲ್ವಾ ನಿಂಗೆ?"

ಹೇಳಿದ್ದೆ. ಪಂಚೆಯ ನೆನಪಾಗಿ ಅವಳು ಮತ್ತೆ ಟ್ಯಾಂಕಿನ ಕಡೆ ಮುಖ ತಿರುಗಿಸಿದಳು. ಚಳಿಗಾಲದ ಬಿಸಿಲಿನಲ್ಲಿ ಹದಿನೈದು ದಿನ ಅವಳು ಟ್ಯಾಂಕನ್ನೇ ನೋಡುತ್ತ ಬಾಗಿಲಿನ ಮೇಲೆ ಮಲಗಿ ಏಳುವುದು, ನಾನು "ಬಂತು! ಬಂತು! ಏಳು!" ಎಂದು ಕುಂದಾಪುರದ ಗಂಟಲಿನಲ್ಲಿ ಕೂಗುವುದು. ಆಂಟೀಜಿ ಸ್ವೆಟರ್ ಹೆಣೆಯುತ್ತ ನೋಡುತ್ತಿದ್ದರು. "ಯೇ ಕೌನ್ ಸಾ ಯೋಗಾ ಹೈ? ಘುಟ್ನೋಂ ಕೇ ಲಿಯೇ ಅಚ್ಛಾ ಹೈ ಕ್ಯಾ?" ಎಂದು ಒಂದು ದಿನ ಕೇಳಿದರು. ಮೊಣಕಾಲಿಗೆ ಒಳ್ಳೆಯದೇ ಎಂದು! ಈ ಲೋಕದಲ್ಲಿ ಎಲ್ಲರೂ ನನ್ನ ಮೊಣಕಾಲಿನ ಹಿಂದೆಯೇ ಬಿದ್ದಂತೆ ಅನ್ನಿಸಿತು.

ನಿಮಗೆ ಅನುಮಾನ ಬಂದಿರಬಹುದು, ಉರಿಗೆ ಬೇಕೆಂದೇ ತಪ್ಪು ಕಲಿಸಿದಳು ಎಂದು. ಖಂಡಿತ ಇಲ್ಲ. ಬೇಕೆಂದು ತಪ್ಪು ಹೇಳಲು ಸರಿ ಯಾವುದೆಂದು ಗೊತ್ತಿರಬೇಕಲ್ಲ.

ಅವಳು ಹೋದಳು. ನಾನು ಉಳಿದೆ. ಆ ಜನವರಿಯ ದೆಹಲಿಯನ್ನು ನೆನೆದರೆ ಈಗಲೂ ಕಾಲಬೆರಳುಗಳು ಮರಗಟ್ಟುತ್ತವೆ. ಮಂಜಿನಲ್ಲಿ ಗುಡಗಾಂವದ ಆಫೀಸಿನ ಕ್ಯಾಬು ಬಸವನಹುಳುವಾಗಿತ್ತು. ಬಕೆಟ್ಟಿಗೆ ಕಾಯಿಸುವ ರಾಡು ಇಳಿಬಿಟ್ಟು, ನೀರು ಕಾಯುವವರೆಗೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ಇಷ್ಟು ಹೊತ್ತಿಗೆ ಅವಳು ನೀರಿಗಿಳಿದಿರುತ್ತಾಳೆ. ಇಷ್ಟು ಹೊತ್ತಿಗೆ ಎಳನೀರು ಕುಡಿಯುತ್ತಿರುತ್ತಾಳೆ, ನಾನು ಆರಿಸಿದ ಕೋಣೆಯ ಮುಂದೆ, ನಾನು ಆರಿಸಿದ ದಡದಲ್ಲಿ. ನನ್ನ ಪಾಲಿಗೆ ಬಕೆಟ್ಟು. ನೀರು ಕುದಿಯತೊಡಗಿದರೂ ರಾಡು ತೆಗೆಯಲು ಏಳುತ್ತಿರಲಿಲ್ಲ. ಇದೊಂದನ್ನು ನೇರವಾಗಿ ಹೇಳಿಬಿಡುತ್ತೇನೆ: ಅವಳು ಅಲೆಯ ಮೇಲೆ ನಿಲ್ಲದೆ ವಾಪಸು ಬರಲಿ ಎಂದು ನಾನು ಹಾರೈಸಿದೆ. ಪೆಟ್ಟೇನೂ ಆಗಬಾರದು, ಮೀನಿನ ಊಟ ಚೆನ್ನಾಗಿ ಸಿಗಲಿ, ಆದರೆ ನಿಲ್ಲುವುದೊಂದು ಆಗದಿರಲಿ.

ಬಂದಳು. ಕಪ್ಪಗಾಗಿ, ಮೂಗಿನ ತುದಿ ಸುಲಿದು, ಕೂದಲೆಲ್ಲ ಹಗ್ಗದಂತಾಗಿ. ಬಂದವಳೇ ಚೀಲದಿಂದ ಈ ಮೇಣದ ಬಿಲ್ಲೆ ತೆಗೆದು ನನ್ನ ಕೈಗಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಲ್ಲಾರೂ ದಡದ ಕಡಿ ಮುಖ ಮಾಡಿ ಮಲಗ್ಯಾರ, ನಾ ಒಬ್ಬಾಕೀನೇ ಸಮುದ್ರದ ಕಡಿ! ಅದೂ ಕೈ ಮುಗಕೊಂಡು, ಅಮ್ಮ ಹೇಳ್ಯಾರಂತ. ಕಲಿಸೋನು ಬಂದು, ಮೇಡಂ, ನೀವು ಪ್ರಾರ್ಥನಾಕ್ಕ ಬಂದೀರೋ ಸರ್ಫಿಂಗ್‌ಗೋ ಅಂತ ಕೇಳಿದ. ನನಗ ಕರಾವಳಿಯವರು ಕಲಿಸ್ಯಾರ ಅಂದೆ. ಅವನ ಮುಖ ನೋಡಬೇಕಿತ್ತು ನೀನು."

ನಾನೂ ನಕ್ಕೆ. ಆಮೇಲೆ ಕೇಳಬಾರದೆಂದುಕೊಂಡದ್ದನ್ನು ಕೇಳಿದೆ. "ನಿಂತ್ಯಾ?"

"ನಿಂತೆ."

ಒಂದೇ ಮಾತು. ಮತ್ತೆ ತಾನಾಗಿಯೇ ಹೇಳಿದಳು, ಈಗ ನಗದೆ. "ಬೆನ್ನು ಹಾಕೋದ ಕಷ್ಟ ನೋಡು. ಹಿಂದ ಬರೋದು ಕಾಣಂಗಿಲ್ಲ. ಬರೇ ಸಪ್ಪಳ ಕೇಳಸ್ತದ. ಆಮ್ಯಾಲೆ ಯಾರೋ ಬೆನ್ನಿಗೆ ಕೈ ಹಚ್ಚಿ ಮುಂದ ನೂಕಿದಂಗ ಆಗ್ತದ. ಸಿಟ್ಟಿನಿಂದಲ್ಲ, ಸಣ್ಣ ಹುಡುಗರನ್ನ ಸಾಲಿಗೆ ಕಳಸೋ ಮುಂದ ನೂಕ್ತಾರಲ್ಲ, ಹಂಗ."

ಆ ಮಾತು ಕೇಳಿ ನನಗೆ ಆದ ಸಂಕಟವನ್ನು ಹೇಗೆ ಹೇಳಲಿ? ಆ ಸಪ್ಪಳ ನನ್ನದು. ಅದನ್ನು ಕೇಳುತ್ತಲೇ ನಾನು ನಿದ್ದೆ ಮಾಡಿದ್ದು, ಅದರ ಮೇಲೆ ಕೂಗಿಯೇ ಮಾತು ಕಲಿತದ್ದು. ಆದರೆ ಅದು ಬೆನ್ನಿಗೆ ಕೈ ಹಚ್ಚಿದರೆ ಹೇಗಿರುತ್ತದೆಂದು ನನಗೆ ಹೇಳಲು ರಾಯಚೂರಿನವಳು ಬೇಕಾಯಿತು.

ಮಾರನೆಯ ಭಾನುವಾರ ಅಮ್ಮನಿಗೆ ಎಲ್ಲ ವರದಿ ಒಪ್ಪಿಸಿದೆವು. ಚಿಕ್ಕಪ್ಪನ ಕಾನೂನಿಗಾದ ಸೋಲು ಕೇಳಿ ಅಮ್ಮ ನಕ್ಕಳು. ಅವಳ ನಗು ಮುಗಿಯಲೆಂದು ಕಾದು ನಾನು ಕೇಳಿಯೇಬಿಟ್ಟೆ, ಧ್ವನಿಯಲ್ಲಿ ಎಂಟು ವರ್ಷದ ಹುಡುಗಿ ಬಂದು ಕೂತದ್ದು ನನಗೇ ಗೊತ್ತಾಯಿತು.

"ಅವಳಿಗೆ ಹೋಗಿ ಬಾ ಅಂದೆ. ನನಗೆ ಯಾವತ್ತಾದ್ರೂ ಅಂದಿದ್ಯಾ?"

"ಅವಳು ಕೇಳಿದ್ಳು" ಎಂದಳು ಅಮ್ಮ. "ನೀನು ಯಾವತ್ತು ಕೇಳಿದ್ದೆ?"

ಯೋಚಿಸಿದೆ. ಕೇಳಿರಲಿಲ್ಲ. ಬೇಡವೆನ್ನುತ್ತಾಳೆಂದು ನಾನೇ ತಿಳಿದುಕೊಂಡು, ಅವಳ ಬದಲಿಗೆ ನಾನೇ ನನಗೆ ಬೇಡ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ.

"ಸರಿ, ಈಗ ಕೇಳ್ತೇನೆ. ಬರೋ ವರ್ಷ ನಜ್ನೀನ್ ಜತೆ ನಾನೂ ಹೋಗ್ಲಾ?"

ಆ ಕಡೆಯಿಂದ ಸಮುದ್ರ ಸಣ್ಣಗೆ ಕೇಳಿಸುತ್ತಿತ್ತು, ಅಥವಾ ಫೋನಿನ ಗಾಳಿಯಿರಬೇಕು.

"ಹೋಗು" ಎಂದಳು ಅಮ್ಮ. ಹೇಳಲು ಕಷ್ಟವಾದದ್ದು ಗೊತ್ತಾಗುತ್ತಿತ್ತು. "ಹೋಗು ಮಗಾ. ಎಂತ ಬೇಕಾದ್ರೂ ಮಾಡು." ಮತ್ತೆ ಒಂದೇ ಉಸಿರಿನಲ್ಲಿ: "ಆದ್ರೆ ಮೊಣಕಾಲಿನಿಂದ ಮೇಲೆ ನೀರು ಬಪ್ಪಲ್ಲಿ ಹೋಗ್ಬೇಡ."

ಬಾಗಿಲಿನ ಹಲಗೆಯ ಮೇಲೆ ಹದಿನೈದು ದಿನ ನಡೆದ ಆ ತರಬೇತಿಗೂ ನಾನು ಇಷ್ಟು ನಕ್ಕಿರಲಿಲ್ಲ. ಮೊಣಕಾಲಿನ ನೀರಿನಲ್ಲಿ ಅಲೆಯ ಮೇಲೆ ನಿಲ್ಲುವುದು ಹೇಗೆಂದು ನಜ್ನೀನ್‌ಳನ್ನು ಕೇಳೋಣವೆಂದು ತಿರುಗಿದೆ. ಅವಳು ನಗುತ್ತಿರಲಿಲ್ಲ. ಸುಲಿದ ಮೂಗಿನ ಆ ಮುಖ ಸಣ್ಣದಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಎರಡು ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ.

ಅವಳು ಮೊಬೈಲಿನ ಹತ್ತಿರ ಬಗ್ಗಿದಳು. "ಅಮ್ಮಾ, ನನಗ್ಯಾಕ ಹಂಗ ಅನ್ನಲಿಲ್ಲ ನೀವು?"

"ಎಂತದು ಮಗಾ?"

"ಮೊಣಕಾಲಿಂದು."

"ಅಯ್ಯ, ನಿಂಗೆ ಈಜು ಬತ್ತದಲ್ಲ! ಮತ್ತೆ ಇನ್ನೊಬ್ರ ಮಗಳಿಗೆ ಬೇಡ ಅನ್ನೂಕೆ ನಾನ್ಯಾರು?"

"ಈಗ ಅನ್ರಿ."

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ಧ್ವನಿ ಬದಲಾಯಿತು. ಎಳ್ಳಮಾವಾಸ್ಯೆಯ ದಿನ ರಟ್ಟೆ ಹಿಡಿಯುವ ಮೊದಲು ಬರುತ್ತಿದ್ದ ಗದರು ಧ್ವನಿ ಅದು. ಅದನ್ನು ನಾನೊಬ್ಬಳೇ ಬಲ್ಲೆನೆಂದುಕೊಂಡಿದ್ದೆ.

"ನೋಡು ನಜ್ನೀನ್, ಇನ್ನು ಮುಂದೆ ನೀನೂ ಅಷ್ಟೇ. ಮೊಣಕಾಲಿನವರೆಗೆ ಮಾತ್ರ. ಗೊತ್ತಾಯ್ತಾ?"

ಆಳುದ್ದದ ಅಲೆಯ ಮೇಲೆ ನಿಂತು ಬಂದವಳು, "ಹೂಂ ಅಮ್ಮಾ" ಎಂದು ತಲೆಯಾಡಿಸಿದಳು, ಫೋನಿಗೆ ಅದು ಕಾಣುತ್ತದೆಂಬಂತೆ.

ನನಗೆ ಮತ್ತೆ ಹೊಟ್ಟೆ ಉರಿಯಿತು. ಸಮುದ್ರವನ್ನು ಮೊದಲೇ ತೆಗೆದುಕೊಂಡು ಹೋಗಿದ್ದಳು. ನನ್ನದೇ ಎಂದು ಉಳಿದಿದ್ದದ್ದು ಆ ಮೊಣಕಾಲೊಂದು, ಈಗ ಅದರಲ್ಲೂ ಪಾಲು.